ಚೊಗರಿನ ಒಗರು, ಮಾತ್ರೆಯ ಭರವಸೆ

ಮಲೆನಾಡಿನಲ್ಲಿ ಅಡಿಕೆ ಸುಗ್ಗಿ ಶುರುವಾಯಿತೆಂದರೆ ಅಂಗಳದ ಮೂಲೆಯ ಒಲೆಯ ಮೇಲೆ ಹಂಡೆ ಕೂರುತ್ತದೆ. ಸುಲಿದ ಹಸಿ ಅಡಿಕೆ ಕುದಿಯತೊಡಗಿದಂತೆ ನೀರು ಮೊದಲು ತಿಳಿಗೆಂಪಾಗುತ್ತದೆ. ಮತ್ತೆ ಮತ್ತೆ ಅಡಿಕೆ ಸುರಿದು ಬೇಯಿಸಿದ ಮೇಲೆ ಅದೇ ನೀರು ಮಂದವಾಗಿ ಕಪ್ಪುಗೆಂಪಿಗೆ ತಿರುಗುತ್ತದೆ. ಇದೇ ಚೊಗರು. ಕೆಂಪಡಿಕೆಗೆ ಬಣ್ಣ, ಹೊಳಪು ಬರುವುದು ಇದರಿಂದ. ಹೆಗ್ಗೋಡಿನ ಕೈಮಗ್ಗ ಸಂಸ್ಥೆ ಚರಕದಲ್ಲಿ ನೂಲಿಗೆ ಏರುವ ಸಹಜ ಬಣ್ಣಗಳಲ್ಲೂ ಇದು ಒಂದು. ಬೆರಳಿಗೆ ಅಂಟಿದ ಚೊಗರನ್ನು ನಾಲಿಗೆಗೆ ತಾಗಿಸಿದರೆ ಸಾಕು, ಕೆನ್ನೆಯ ಒಳಗೋಡೆ ಬಿಗಿದು ಬಾಯಿ ಒಣಗಿದಂತಾಗುತ್ತದೆ.

ಈ ಚೊಗರನ್ನು ಪ್ರಯೋಗಾಲಯಕ್ಕೆ ಒಯ್ದು ಅದರ ಆಂಟಿಆಕ್ಸಿಡೆಂಟ್ ಶಕ್ತಿ ಅಳೆದರೆ ಬಹಳ ಒಳ್ಳೆಯ ಅಂಕ ಬರುತ್ತದೆ. ಹಸಿರು ಚಹಾದ ಹೆಸರು ಹೇಳಿ ಮಾರುವ ಕ್ಯಾಟೆಚಿನ್‌ಗಳ ಬಳಗವೇ ಎಳೆ ಅಡಿಕೆಯಲ್ಲೂ ತುಂಬಿಕೊಂಡಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ, ತಂಬಾಕು ಸೇರದ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಎರಡೂ ಮಾತು ನಿಜ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದನ್ನು ಅರ್ಥಮಾಡಿಕೊಂಡರೆ, ಅಂಗಡಿಯ ಪೊಟ್ಟಣಗಳ ಮೇಲೆ ದೊಡ್ಡಕ್ಷರದಲ್ಲಿ ಕಾಣುವ ಆಂಟಿಆಕ್ಸಿಡೆಂಟ್ ಎಂಬ ಪದವನ್ನು ಎಷ್ಟು ನಂಬಬೇಕು ಎಂಬುದೂ ಅರ್ಥವಾಗುತ್ತದೆ.

ಕ್ಯಾಟೆಚಿನ್ ಸೇರಿದಂತೆ ಗಿಡಗಳಲ್ಲಿರುವ ಫಿನಾಲ್ ಜಾತಿಯ ವಸ್ತುಗಳ ಅಡಿಪಾಯ ಸರಳ: ಆರು ಇಂಗಾಲದ ಪರಮಾಣುಗಳ ಒಂದು ಉಂಗುರ, ಅದಕ್ಕೆ ಅಂಟಿದ ಆಮ್ಲಜನಕ-ಜಲಜನಕದ ಜೋಡಿ. ಉಂಗುರ ಒಂದೇ ಇದ್ದರೆ ನೆಲ್ಲಿಕಾಯಿಯ ಗ್ಯಾಲಿಕ್ ಆಮ್ಲದಂಥ ಚಿಕ್ಕ ಅಣು. ಹಲವು ಉಂಗುರ ಹೆಣೆದುಕೊಂಡರೆ ಅಳಲೆಕಾಯಿಯ ಟ್ಯಾನಿನ್‌ನಂಥ ದೊಡ್ಡ ಅಣು. ಅರಿಶಿನದ ಹಳದಿ, ನೇರಳೆ ಹಣ್ಣಿನ ನೀಲಿ, ಮುರುಗಲಿನ ಕೆಂಪು, ಲವಂಗದ ಘಾಟು, ಕಾಫಿಯ ಕಹಿಯ ಒಂದಷ್ಟು ಪಾಲು, ಎಲ್ಲವೂ ಇದೇ ಮನೆತನದವು. ಈವರೆಗೆ ಗುರುತಿಸಿದ ಬಗೆಗಳೇ ಎಂಟು ಸಾವಿರಕ್ಕೂ ಮೇಲೆ.

ಜೋಡಿ ತಪ್ಪಿದ ಎಲೆಕ್ಟ್ರಾನ್ ಹೊತ್ತ ಅಣುವಿಗೆ ಫ್ರೀ ರ‍್ಯಾಡಿಕಲ್ ಎನ್ನುತ್ತಾರೆ. ಅದು ಪಕ್ಕದ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಕಳೆದುಕೊಂಡದ್ದು ಇನ್ನೊಂದರ ಮೇಲೆ ಬೀಳುತ್ತದೆ. ಎಣ್ಣೆ ಕಮಟುವುದು ಈ ಸರಪಳಿಯಿಂದಲೇ. ಫಿನಾಲ್ ತನ್ನ ಜಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಬಿಟ್ಟುಕೊಟ್ಟ ಮೇಲೆ ತನ್ನಲ್ಲಿ ಉಳಿದ ಒಂಟಿ ಎಲೆಕ್ಟ್ರಾನನ್ನು ಇಡೀ ಉಂಗುರದಲ್ಲಿ ಹಂಚಿಕೊಂಡು ತಣ್ಣಗಿರುತ್ತದೆ. ಸರಪಳಿ ಅಲ್ಲಿಗೆ ತುಂಡಾಗುತ್ತದೆ. ಆಂಟಿಆಕ್ಸಿಡೆಂಟ್ ಗುಣ ಎಂದರೆ ಇಷ್ಟೇ. ಇದು ರಸಾಯನ ವಿಜ್ಞಾನದ ಮಾತು, ಆರೋಗ್ಯದ ಮಾತು ಇನ್ನೂ ಶುರುವಾಗಿಲ್ಲ.

ಗಿಡ ಫಿನಾಲ್‌ಗಳನ್ನು ನಮಗಾಗಿ ಮಾಡಿಕೊಳ್ಳುವುದಿಲ್ಲ. ಓಡಲಾರದ ಜೀವ ಅದು. ಬಿಸಿಲಿನ ಅತಿನೇರಳೆ ಕಿರಣ, ಎಲೆ ಮೇಯುವ ಹುಳು, ಕಾಳಿಗೆ ಕೂರುವ ಬೂಷ್ಟು ಎಲ್ಲವನ್ನೂ ನಿಂತಲ್ಲೇ ಎದುರಿಸಬೇಕು. ಮಾವು, ನೇರಳೆ, ಕೇಪಳದ ಕುಡಿಗಳು ಚಿಗುರುವಾಗ ಕೆಂಪಗಿದ್ದು, ಬಲಿತ ಮೇಲೆ ಹಸಿರಾಗುವುದನ್ನು ನೋಡಿದ್ದೇವೆ. ಆ ಕೆಂಪು ಆಂಥೋಸಯನಿನ್ ಎಂಬ ಫಿನಾಲ್. ಎಳೆ ಎಲೆಗೆ ಚರ್ಮ ಗಟ್ಟಿಯಾಗುವ ತನಕ ಕಾವಲು. ರಾಗಿಯ ಕಂದು ಸಿಪ್ಪೆಯಲ್ಲೂ ಹೀಗೇ. ಬಿಳಿ ರಾಗಿಗಿಂತ ಕಂದು ರಾಗಿಯಲ್ಲಿ ಫಿನಾಲ್ ಬಹಳ ಹೆಚ್ಚು, ಬೂಷ್ಟಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಮರಕ್ಕೆ ಮರದ ಗಟ್ಟಿತನ ಕೊಡುವ ಲಿಗ್ನಿನ್ ಕೂಡ ಫಿನಾಲ್ ತುಣುಕುಗಳನ್ನು ಜೋಡಿಸಿ ಕಟ್ಟಿದ್ದು. ನೀರಿನಿಂದ ನೆಲಕ್ಕೆ ಬಂದ ಸಸ್ಯಲೋಕ ನೆಟ್ಟಗೆ ನಿಲ್ಲಲು ಕಲಿತದ್ದು ಈ ರಸಾಯನದ ಬಲದಿಂದ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಗಿಡಗಳ ಬಗ್ಗೆ ಗೌರವ ಹೆಚ್ಚುತ್ತದೆ.

ಗಿಡದ ಈ ರಕ್ಷಣಾ ತಂತ್ರವನ್ನು ಅಡುಗೆಮನೆಯಲ್ಲೇ ಕಣ್ಣಾರೆ ನೋಡಬಹುದು. ಹೆಚ್ಚಿಟ್ಟ ಬದನೆಕಾಯಿ ಗಳಿಗೆಯಲ್ಲಿ ಕಂದಾಗುತ್ತದೆ. ಬದನೆಯ ಜೀವಕೋಶದಲ್ಲಿ ಕ್ಲೋರೋಜೆನಿಕ್ ಆಮ್ಲ ಎಂಬ ಫಿನಾಲ್ ಒಂದು ಕಡೆ ಇರುತ್ತದೆ, ಅದನ್ನು ಆಮ್ಲಜನಕದೊಡನೆ ಕೂಡಿಸುವ ಕಿಣ್ವ ಇನ್ನೊಂದು ಕಡೆ. ಕತ್ತಿ ತಾಗಿದೊಡನೆ ನಡುವಿನ ಗೋಡೆ ಒಡೆದು ಎರಡೂ ಸೇರುತ್ತವೆ, ಕಂದು ಹುಟ್ಟುತ್ತದೆ. ಹುಳುವಿಗೆ ಹಾಕಿಟ್ಟ ಬಲೆ ಅದು. ಹೀಗೆ ಹುಟ್ಟಿದ ವಸ್ತು ಎಲೆಯ ಪ್ರೋಟೀನನ್ನು ಕಟ್ಟಿಹಾಕಿ ಹುಳುವಿಗೆ ದಕ್ಕದಂತೆ ಮಾಡುತ್ತದೆ. ಬಾಳೆಹೂವು, ಬಾಳೆದಿಂಡು ಹೆಚ್ಚುವಾಗ ಹುಳಿಮಜ್ಜಿಗೆ ಬೆರೆಸಿದ ನೀರಿಗೆ ಹಾಕುವ ರೂಢಿಯಿದೆಯಲ್ಲ, ಆ ಹುಳಿಯಲ್ಲಿ ಕಿಣ್ವದ ಕೈ ಕಟ್ಟಿಹೋಗುತ್ತದೆ. ಚಹಾ ಕಾರ್ಖಾನೆಯಲ್ಲಿ ಮಾತ್ರ ಇದೇ ಕಂದುಗಟ್ಟುವಿಕೆಯನ್ನು ಬೇಕೆಂದೇ ನಡೆಯಗೊಡುತ್ತಾರೆ. ಎಲೆಯನ್ನು ಹಿಸುಕಿ ಗಾಳಿಗೆ ಬಿಟ್ಟರೆ ಕಪ್ಪು ಚಹಾ, ಮೊದಲೇ ಬಿಸಿ ತಾಗಿಸಿ ಕಿಣ್ವವನ್ನು ಕೊಂದರೆ ಹಸಿರು ಚಹಾ.

ಒಗರಿನ ವಿಚಾರ ಇನ್ನೂ ಸ್ವಾರಸ್ಯದ್ದು. ಎಳೆ ಸೀಬೆಕಾಯಿ, ದಾಳಿಂಬೆ ಸಿಪ್ಪೆ, ಗೇರುಹಣ್ಣು ಬಾಯಿಗಿಟ್ಟಾಗ ಬಾಯಿ ಬಿಗಿಯುವುದು ರುಚಿಮೊಗ್ಗುಗಳಿಂದಷ್ಟೇ ಅಲ್ಲ, ಜೊಲ್ಲಿನಿಂದಲೂ. ಜೊಲ್ಲನ್ನು ನುಣುಪಾಗಿಡುವ ಪ್ರೋಟೀನುಗಳಿಗೆ ಟ್ಯಾನಿನ್ ಅಂಟಿಕೊಂಡು ಅವನ್ನು ಗಂಟುಕಟ್ಟಿಸುತ್ತದೆ. ಪ್ರೋಟೀನು ಕಂಡಲ್ಲಿ ಅಂಟುವ ಈ ಗುಣದಿಂದಲೇ ತಂಗಡಿ ತೊಗಟೆ, ಅಳಲೆಕಾಯಿಗಳು ತೊಗಲು ಹದ ಮಾಡುವವರ ಕೈಸೇರಿದವು. ಹಸಿ ಚರ್ಮದ ಕೊಲಾಜೆನ್ ಎಳೆಗಳನ್ನು ಟ್ಯಾನಿನ್ ಒಂದಕ್ಕೊಂದು ಬಿಗಿದರೆ ಅದು ಕೊಳೆಯದ ತೊಗಲಾಗುತ್ತದೆ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಅಡಿಕೆಯ ಮಾತಿಗೆ ಬೇಕಾಗುತ್ತದೆ.

ಇನ್ನು ಅಳತೆಯ ಕತೆ. ನಮ್ಮ ವಿಶ್ವವಿದ್ಯಾಲಯಗಳ ಸಸ್ಯಶಾಸ್ತ್ರ, ಜೀವರಸಾಯನ ವಿಭಾಗಗಳಲ್ಲಿ ಓದಿದ ಮಕ್ಕಳಿಗೆ ಎರಡು ಪರೀಕ್ಷೆ ಕಂಠಪಾಠ. ಒಂದು 1927ರಲ್ಲಿ ಫೋಲಿನ್ ಮತ್ತು ಚೊಕಾಲ್ಟೊ ರೂಪಿಸಿದ ದ್ರಾವಣದ್ದು: ಫಿನಾಲ್ ಹೆಚ್ಚಿದ್ದಷ್ಟೂ ನೀಲಿ ಗಾಢ. ಇನ್ನೊಂದು ಡಿಪಿಪಿಎಚ್ ಎಂಬ ನೇರಳೆ ದ್ರಾವಣದ್ದು. ಅದೇ ಒಂದು ಫ್ರೀ ರ‍್ಯಾಡಿಕಲ್. ಎಲೆಯ ಸಾರ ಬಿದ್ದು ಅದು ಹಳದಿಗೆ ತಿರುಗಿದರೆ ಆಂಟಿಆಕ್ಸಿಡೆಂಟ್ ಇದೆ ಎಂದರ್ಥ. ಅಗ್ಗದ, ಬೇಗ ಮುಗಿಯುವ ಪರೀಕ್ಷೆಗಳು. ಹಾಗಾಗಿ ಪಶ್ಚಿಮಘಟ್ಟದ ಯಾವ ಗಿಡ ಸಿಕ್ಕರೂ ಅದರ ಎಲೆ, ತೊಗಟೆ, ಬೇರನ್ನು ಮೆಥನಾಲ್‌ನಲ್ಲಿ ನೆನೆಸಿ ಒಂದು ಅಂಕ ಪಡೆದು ಪ್ರಬಂಧ ಬರೆಯುವುದು ರೂಢಿಯಾಗಿದೆ. ನಾವು ಯಾರೂ ಮೆಥನಾಲ್ ಸಾರ ಕುಡಿಯುವುದಿಲ್ಲ. ಫೋಲಿನ್ ದ್ರಾವಣ ಸಿ ವಿಟಮಿನ್‌ಗೂ ನೀಲಿಯಾಗುತ್ತದೆ. ಡಿಪಿಪಿಎಚ್ ಎಂಬ ಅಣು ಯಾರ ದೇಹದಲ್ಲೂ ಇಲ್ಲ. ಆ ಹುಡುಗ ಹುಡುಗಿಯರ ಶ್ರಮ ದೊಡ್ಡದು, ಅವರು ಹುಡುಕುವ ಗಿಡಗಳ ಬಗ್ಗೆ ಹಳ್ಳಿಯ ಹಿರಿಯರಲ್ಲಿ ಇರುವ ತಿಳಿವಳಿಕೆಯೂ ದೊಡ್ಡದು. ಅಷ್ಟೆಲ್ಲ ಮಾಡಿ ಬಣ್ಣ ಬದಲಾದಲ್ಲಿಗೆ ಕೆಲಸ ನಿಲ್ಲುತ್ತದಲ್ಲ, ಅದು ನನ್ನನ್ನು ಕಾಡುತ್ತದೆ. ಗಿಡ ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಗೆ ಮಾರ್ಗದರ್ಶಕರೂ ಹಣ ಕೊಡುವವರೂ ಅವರನ್ನು ಕರೆದೊಯ್ಯಬೇಕು.

ಅಮೆರಿಕದ ಕೃಷಿ ಇಲಾಖೆ ಇಂಥದೇ ಅಂಕಗಳ ದೊಡ್ಡ ಪಟ್ಟಿಯೊಂದನ್ನು ಪ್ರಕಟಿಸುತ್ತಿತ್ತು. ಲವಂಗ, ಚಕ್ಕೆಗಳು ಮೇಲಿನ ಸಾಲುಗಳಲ್ಲಿದ್ದವು, ಲೆಕ್ಕ ನೂರು ಗ್ರಾಂಗೆ. ನೂರು ಗ್ರಾಂ ಲವಂಗ ಒಂದು ಮನೆಗೆ ಎಷ್ಟು ತಿಂಗಳು ಬರುತ್ತದೆ ಎಂದು ಅಡುಗೆ ಮಾಡುವವರೇ ಹೇಳಲಿ. ಪಟ್ಟಿಯನ್ನು ಕಂಪನಿಗಳು ಜಾಹೀರಾತಿಗೆ ಬಳಸಿಕೊಂಡವು. 2012ರಲ್ಲಿ ಇಲಾಖೆಯೇ ಅದನ್ನು ಹಿಂತೆಗೆದುಕೊಂಡಿತು. ಪ್ರನಾಳದಲ್ಲಿ ಸಿಕ್ಕ ಅಂಕ ಮನುಷ್ಯರ ದೇಹದಲ್ಲಿ ಆಗುವ ಪರಿಣಾಮವನ್ನು ಹೇಳುವುದಿಲ್ಲ ಎಂಬುದೇ ಅದು ಕೊಟ್ಟ ಕಾರಣ.

ಏಕೆ ಹೇಳುವುದಿಲ್ಲ? ತಿಂದ ಫಿನಾಲ್‌ಗಳಲ್ಲಿ ಬಹುಪಾಲು ಸಣ್ಣ ಕರುಳನ್ನು ದಾಟಿ ರಕ್ತಕ್ಕೆ ಸೇರುವುದೇ ಇಲ್ಲ. ಸೇರಿದ ಚೂರನ್ನು ದೇಹ ಹೊರಗಿನ ವಸ್ತುವೆಂದು ಗುರುತಿಸಿ, ಕರುಳಿನ ಗೋಡೆಯಲ್ಲಿ ಮತ್ತು ಯಕೃತ್ತಿನಲ್ಲಿ ಅದಕ್ಕೆ ಬೇರೆ ತುಣುಕು ಅಂಟಿಸಿ ಮೂತ್ರದ ದಾರಿ ತೋರಿಸುತ್ತದೆ. ತುಣುಕು ಅಂಟುವುದು ಎಲ್ಲಿಗೆ? ಜಲಜನಕ ಬಿಟ್ಟುಕೊಡುವ ಅದೇ ತುದಿಗೆ. ರಕ್ತದಲ್ಲಿ ಇವುಗಳ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ ಒಂದು ಮೈಕ್ರೋಮೋಲ್ ಮುಟ್ಟುವುದೂ ಕಷ್ಟ. ನಮ್ಮ ದೇಹವೇ ತಯಾರಿಸುವ ಯೂರಿಕ್ ಆಮ್ಲ ನೂರಾರು ಮೈಕ್ರೋಮೋಲ್ ಇರುತ್ತದೆ, ಅದೂ ಆಂಟಿಆಕ್ಸಿಡೆಂಟ್. ಸೇಬು ತಿಂದ ಮೇಲೆ ರಕ್ತದ ಆಂಟಿಆಕ್ಸಿಡೆಂಟ್ ಶಕ್ತಿ ಏರುವುದನ್ನು ಅಮೆರಿಕದ ಲೈನಸ್ ಪಾಲಿಂಗ್ ಸಂಸ್ಥೆಯವರು ಬೆನ್ನಟ್ಟಿ ನೋಡಿದಾಗ, ಅದು ಸೇಬಿನ ಫಿನಾಲ್‌ನಿಂದ ಆದದ್ದಾಗಿರಲಿಲ್ಲ. ಸೇಬಿನ ಸಕ್ಕರೆಯಿಂದ ಯೂರಿಕ್ ಆಮ್ಲ ಏರಿತ್ತು!

ಆಂಟಿಆಕ್ಸಿಡೆಂಟ್ ತಿಂದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು ಫಿನ್ಲೆಂಡಿನಲ್ಲಿ. ಸಿಗರೇಟು ಸೇದುವ 29,133 ಗಂಡಸರಿಗೆ ವರ್ಷಗಟ್ಟಲೆ ಬೀಟಾ ಕ್ಯಾರೋಟಿನ್, ಇ ವಿಟಮಿನ್ ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಕ್ಯಾರೋಟಿನ್ ಫಿನಾಲ್ ಅಲ್ಲ, ನಿಜ. ಆದರೆ ಎಚ್ಚರಿಕೆ ಇಡೀ ಆಲೋಚನೆಗೇ ತಟ್ಟುವಂಥದ್ದು.

ಈಗ ಅಡಿಕೆಗೆ ಬರೋಣ. ಎಲೆಯಡಿಕೆಗೆ ಸುಣ್ಣ ಹಚ್ಚುತ್ತೇವೆ. ಸುಣ್ಣದ ಕ್ಷಾರದಲ್ಲಿ ಅಡಿಕೆಯ ಕ್ಯಾಟೆಚಿನ್ ತಾನೇ ಆಮ್ಲಜನಕದೊಡನೆ ಕೂಡುತ್ತದೆ. ಬಾಯಿ ಕೆಂಪಾಗುವುದು ಹೀಗೆ. ಕೆಂಪಾಗುತ್ತಿರುವಷ್ಟು ಹೊತ್ತೂ ಅಲ್ಲಿ ಸೂಪರ್ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಉಗ್ರ ಅಣುಗಳು ಹುಟ್ಟುತ್ತಿರುತ್ತವೆ. ಪ್ರಯೋಗಾಲಯದಲ್ಲಿ ಫ್ರೀ ರ‍್ಯಾಡಿಕಲ್ ಅಡಗಿಸಿದ ಅದೇ ಅಣು ಬಾಯೊಳಗೆ ಅವುಗಳ ಹುಟ್ಟಿಗೆ ಕಾರಣವಾಗುತ್ತದೆ. ಗುಣ ಒಂದೇ, ಎಲೆಕ್ಟ್ರಾನ್ ಸುಲಭವಾಗಿ ಬಿಟ್ಟುಕೊಡುವುದು. ಯಾರಿಗೆ, ಎಲ್ಲಿ ಬಿಟ್ಟುಕೊಟ್ಟಿತು ಎಂಬುದರ ಮೇಲೆ ಫಲ ನಿಂತಿದೆ. ಜೊತೆಗೆ ಆಗಲೇ ಹೇಳಿದ ತೊಗಲು ಹದದ ರಸಾಯನ: ಕೆನ್ನೆಯೊಳಗಿನ ಕೊಲಾಜೆನ್ ಎಳೆಗಳನ್ನು ಟ್ಯಾನಿನ್ ಬಿಗಿದು, ಹಳೆಯ ಎಳೆ ಕರಗದಂತೆ ತಡೆಯುತ್ತದೆ. ಅರೆಕೋಲಿನ್ ಎಂಬ ಅಡಿಕೆಯ ಇನ್ನೊಂದು ವಸ್ತು ಹೊಸ ಎಳೆ ಹೆಣೆಯಲು ಪ್ರಚೋದನೆ ಕೊಡುತ್ತದೆ. ಸದಾ ಗುಟ್ಕಾ, ಅಡಿಕೆಪುಡಿ ಜಗಿಯುವ ಹುಡುಗರಿಗೆ ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ ಬರುವುದು ಹೀಗೆ, ಅದು ಕ್ಯಾನ್ಸರಿನ ಹೊಸ್ತಿಲು. ಅಡಿಕೆ ನಂಬಿ ಬದುಕುವ ಲಕ್ಷಾಂತರ ಕುಟುಂಬಗಳ ನಾಡಿನಲ್ಲಿ ನಿಂತು ಇದನ್ನು ಬರೆಯುವುದು ಸುಲಭವಲ್ಲ. ಆದರೂ ಬೆಳೆಗಾರರ ಮಕ್ಕಳೂ ಜಗಿಯುತ್ತಾರೆ. ಚೊಗರು ಬಟ್ಟೆಗೆ, ತೊಗಲಿಗೆ ಇನ್ನಷ್ಟು ಹೋಗಲಿ, ಅದರ ಸಂಶೋಧನೆಗೆ ಸರ್ಕಾರ ಹಣ ಸುರಿಯಲಿ ಎಂಬುದು ನನ್ನ ಆಸೆ.

ಅರಿಶಿನದ ಕತೆ ಬೇರೆ ಬಗೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಓಕುಳಿಯಾಗುತ್ತದೆ. ಆರತಿ ತಟ್ಟೆಯಲ್ಲಿ ಹಳದಿ ಕಣ್ಣೆದುರೇ ಕೆಂಪಾಗುವಾಗ ಕರ್ಕ್ಯುಮಿನ್‌ನ ಫಿನಾಲ್ ತುದಿ ಸುಣ್ಣದ ಕ್ಷಾರಕ್ಕೆ ತನ್ನ ಪ್ರೋಟಾನ್ ಒಪ್ಪಿಸುತ್ತಿರುತ್ತದೆ. ಆ ಕೆಂಪು ಬಹಳ ಹೊತ್ತು ಉಳಿಯದು, ಕ್ಷಾರದಲ್ಲಿ ಕರ್ಕ್ಯುಮಿನ್ ಬೇಗ ಒಡೆದುಹೋಗುತ್ತದೆ. ಅದರ ಮೂಲ ದೌರ್ಬಲ್ಯವೂ ಇದೇ: ನೀರಿನಲ್ಲಿ ಕರಗುವುದಿಲ್ಲ, ಕರಗಿದರೆ ಉಳಿಯುವುದಿಲ್ಲ, ಉಳಿದದ್ದನ್ನು ಯಕೃತ್ತು ಹೊರಹಾಕುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನೆಲ್ಲೆಡೆ ಉಲ್ಲೇಖವಾಗುತ್ತದೆ. ಎರಡು ಗ್ರಾಂ ಕರ್ಕ್ಯುಮಿನ್ ತಿಂದವರ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ದಕ್ಕುವಿಕೆ ಶೇ. 2000ದಷ್ಟು ಏರಿತು. ಅಂಕಿ ದೊಡ್ಡದಾಗಿ ಕೇಳಿಸುತ್ತದೆ, ಆದರೆ ಶುರುವಾದದ್ದು ಇಲ್ಲವೆನ್ನುವಷ್ಟರಿಂದ. 2017ರಲ್ಲಿ ಔಷಧ ರಸಾಯನ ತಜ್ಞರು ಕರ್ಕ್ಯುಮಿನ್ ಕುರಿತ ಸಂಶೋಧನೆಯ ರಾಶಿಯನ್ನೆಲ್ಲ ಜಾಲಾಡಿ, ಕಟ್ಟುನಿಟ್ಟಿನ ಯಾವ ಮಾನವ ಪ್ರಯೋಗದಲ್ಲೂ ಅದು ಗೆದ್ದಿಲ್ಲ ಎಂದು ಬರೆದರು.

ಹಾಗೆಂದು ಅರಿಶಿನ ಬಿಡಬೇಕೇ? ಖಂಡಿತ ಬೇಡ. ಸಾರಿನ ಚಿಟಿಕೆ ಅರಿಶಿನದಲ್ಲಿ ಕರ್ಕ್ಯುಮಿನ್ ಕೆಲವೇ ಮಿಲಿಗ್ರಾಂ. ಮಾತ್ರೆಯಲ್ಲಿ ಅದರ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು, ಜೊತೆಗೆ ಯಕೃತ್ತಿನ ಕಾವಲನ್ನು ಸಡಿಲಿಸುವ ಮೆಣಸಿನ ಸತ್ವ. ಅಮೆರಿಕದ ವೈದ್ಯರ ಜಾಲವೊಂದು 2022ರಲ್ಲಿ ಅರಿಶಿನದ ಮಾತ್ರೆ-ಪೂರಕಗಳಿಂದ ಯಕೃತ್ತು ಕೆಟ್ಟ ಹತ್ತು ಮಂದಿಯ ವಿವರ ಪ್ರಕಟಿಸಿತು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ತಲೆಮಾರುಗಳಿಂದ ತಿಂದು ಗೊತ್ತಿರುವುದು ಅಡುಗೆಯ ಅರಿಶಿನ, ಅದರ ಸತ್ವ ತುಂಬಿದ ಮಾತ್ರೆಯಲ್ಲ. ಅಜ್ಜಿಯ ಕಾಲದಿಂದ ಇದೆ ಎಂಬ ಧೈರ್ಯವನ್ನು ಮಾತ್ರೆಗೆ ಸಾಲ ಕೊಡಬಾರದು.

ಹಾಗಾದರೆ ಸೊಪ್ಪು, ಹಣ್ಣು, ಕಾಳು ತಿನ್ನುವವರು ಆರೋಗ್ಯವಾಗಿರುತ್ತಾರೆ ಎಂಬುದು ಸುಳ್ಳೇ? ಅಲ್ಲ. ದಾರಿ ಬೇರೆ ಇದೆ. ರಕ್ತ ಸೇರದ ಟ್ಯಾನಿನ್ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ದಾಳಿಂಬೆ, ನೆಲ್ಲಿ, ಅಳಲೆಯ ಟ್ಯಾನಿನ್ ಒಡೆದು ಯೂರೋಲಿಥಿನ್ ಎಂಬ ಚಿಕ್ಕ ಅಣುಗಳನ್ನು ಮಾಡುತ್ತವೆ. ರಕ್ತಕ್ಕೆ ಹೋಗುವುದು ಅವು, ಅದೂ ಎಲ್ಲರ ಕರುಳಲ್ಲೂ ಒಂದೇ ಸಮ ಹುಟ್ಟುವುದಿಲ್ಲ. ಕೆಲವು ಫಿನಾಲ್‌ಗಳು ಜೀವಕೋಶಕ್ಕೆ ಸಣ್ಣಗೆ ಕಿರುಕುಳ ಕೊಟ್ಟು ಅದರ ಸ್ವಂತ ರಕ್ಷಣೆಯ ಕಿಣ್ವಗಳನ್ನು ಎಬ್ಬಿಸುತ್ತವೆ. ರಾಗಿ ಸಿಪ್ಪೆಯ ಫಿನಾಲ್‌ಗಳು ಪಿಷ್ಟ ಒಡೆಯುವ ಕಿಣ್ವಗಳ ವೇಗ ತಗ್ಗಿಸುವುದನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಕೋಕೋ ಫಿನಾಲ್‌ಗಳನ್ನು ಅಮೆರಿಕದ 21,442 ಹಿರಿಯರ ಮೇಲೆ ಪರೀಕ್ಷಿಸಿದ ಪ್ರಯೋಗದ ವರದಿ 2022ರಲ್ಲಿ ಬಂತು. ಹೃದಯಾಘಾತ, ಲಕ್ವ ಇತ್ಯಾದಿಗಳ ಒಟ್ಟು ಲೆಕ್ಕದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ, ಹೃದಯ-ರಕ್ತನಾಳದ ಕಾಯಿಲೆಗಳಿಂದಾದ ಸಾವು ಮಾತ್ರ ಕಡಿಮೆ ಇತ್ತು. ಆಶೆ ಇಟ್ಟುಕೊಳ್ಳಲು ಸಾಕು, ಡಬ್ಬಿಯ ಮೇಲೆ ಅಚ್ಚು ಹಾಕಲು ಸಾಲದು.

ಫಿನಾಲ್ ಮಾತ್ರೆಯಾಗಿ ಅಲ್ಲ, ಊಟದ ಪ್ರಮಾಣದಲ್ಲೇ ಹೊಟ್ಟೆ ಸೇರುತ್ತದೆ ಎಂಬ ಕಾರಣಕ್ಕೇ ನಮ್ಮ ಕಡೆಯ ತಂಬುಳಿಗಳು ನನಗೆ ಹೆಚ್ಚು ಇಷ್ಟ. ನೇರಳೆ ಕುಡಿ, ಸೀಬೆ ಕುಡಿ, ದಾಳಿಂಬೆ ಸಿಪ್ಪೆಯನ್ನು ಜೀರಿಗೆ, ಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸುತ್ತಾರೆ. ಹೊಟ್ಟೆ ಕೆಟ್ಟಾಗ ಕುಡಿ ತಂಬುಳಿ ಉಣ್ಣಿಸುವುದು ಮನೆಮನೆಯ ರೂಢಿ. ಕರುಳಿನ ಒಳಪದರದ ಪ್ರೋಟೀನಿಗೆ ಟ್ಯಾನಿನ್ ಅಂಟಿ ಸ್ರಾವ ತಗ್ಗಿಸುವುದರಿಂದ ಅದಕ್ಕೊಂದು ಅರ್ಥವಿದೆ. ಒಗರಿನ ಎಲೆಗೆ ಮಜ್ಜಿಗೆ ಸೇರಿಸಿದ್ದೂ ಜಾಣತನ. ಮಜ್ಜಿಗೆಯ ಪ್ರೋಟೀನು ಟ್ಯಾನಿನ್‌ನ ಒಂದು ಪಾಲನ್ನು ಮೊದಲೇ ಹಿಡಿದಿಡುವುದರಿಂದ ನಾಲಿಗೆ ಬಿಗಿಯುವುದು ಕಡಿಮೆ. ಒಂದು ಹಿಡಿ ಕುಡಿಯಷ್ಟೇ ಪ್ರಮಾಣ, ಅದೂ ದಿನಾ ಅಲ್ಲ.

ಕೊನೆಗೆ ಎಲ್ಲಕ್ಕಿಂತ ತುರ್ತಿನ ವಿಷಯ. ಕಬ್ಬಿಣದ ಮೆಟ್ಟುಗತ್ತಿಯಲ್ಲಿ ನೆಲ್ಲಿಕಾಯಿ ಹೆಚ್ಚಿದರೆ ಅಲಗು ನೀಲಿಗಪ್ಪಾಗುತ್ತದೆ, ಹೋಳಿನ ಅಂಚಿಗೂ ಕಪ್ಪು ಹತ್ತುತ್ತದೆ. ನೆಲ್ಲಿಯ ಫಿನಾಲ್‌ಗಳು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡ ಗುರುತು ಅದು. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣದ ಲವಣ ಹಾಕಿ ಶಾಯಿ ಮಾಡುತ್ತಿದ್ದದ್ದೂ ಇದೇ ನಂಟಿನಿಂದ. ಊಟದ ಜೊತೆಗೋ ಊಟವಾದ ಕೂಡಲೋ ಚಹಾ ಕುಡಿದಾಗ ಇದೇ ಹಿಡಿತ ಹೊಟ್ಟೆಯಲ್ಲಿ ನಡೆಯುತ್ತದೆ. ಸೊಪ್ಪು, ಕಾಳು, ರಾಗಿಯಿಂದ ಬಂದ ಕಬ್ಬಿಣ ಫಿನಾಲ್‌ಗೆ ಸಿಕ್ಕಿ ಮಲದಲ್ಲಿ ಹೊರಹೋಗುತ್ತದೆ. ಕಾಫಿಯೂ ಹಾಗೇ ಮಾಡುತ್ತದೆ, ಚಹಾದಷ್ಟಲ್ಲ. ರಾಗಿಯೊಳಗಿನ ಕಬ್ಬಿಣವನ್ನು ಅದರ ಸಿಪ್ಪೆಯ ಫಿನಾಲ್, ಫೈಟಿಕ್ ಆಮ್ಲಗಳೇ ಹಿಡಿದಿಟ್ಟಿರುತ್ತವೆ, ಮೊಳಕೆ ಕಟ್ಟಿದರೆ ಹಿಡಿತ ಸಡಿಲವಾಗುತ್ತದೆ. ಮಗುವಿಗೆ ರಾಗಿ ಸರಿ ಮಾಡುವಾಗ ಮೊಳಕೆ ಬರಿಸಿ ಒಣಗಿಸಿ ಬೀಸುವ ತಾಯಂದಿರು ಆ ಕೆಲಸವನ್ನು ಬಿಡಬಾರದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದನ್ನು ಬೆಳಗಿನ ಚಹಾದೊಂದಿಗೆ ನುಂಗಿದರೆ ದಕ್ಕುವುದು ಬಹಳ ಕಡಿಮೆಯಾಗುತ್ತದೆ. ನಿಂಬೆ ಶರಬತ್ತಿನೊಂದಿಗೆ ನುಂಗಿದರೆ ಸಿ ವಿಟಮಿನ್ ಕಬ್ಬಿಣವನ್ನು ಕರುಳು ಹೀರುವ ರೂಪದಲ್ಲಿ ಇಡುತ್ತದೆ. ಮಾತ್ರೆಗೂ ಚಹಾಕ್ಕೂ, ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದೆರಡು ಗಂಟೆ ಅಂತರ ಬೇಕು. ಆಶಾ ಕಾರ್ಯಕರ್ತೆಯರು ಮಾತ್ರೆಯ ಪಟ್ಟಿಯನ್ನು ಕೈಗಿಡುವಾಗ ಈ ಮಾತನ್ನೂ ಹೇಳಲಿ. ತೋಟದ ಕೆಲಸಕ್ಕೆ ಹೊರಟ ಹೆಂಗಸರು ಬುತ್ತಿಯ ಜೊತೆ ಫ್ಲಾಸ್ಕಿನಲ್ಲಿ ಚಹಾ ಒಯ್ಯುತ್ತಾರೆ. ಅದನ್ನು ಬುತ್ತಿ ಬಿಚ್ಚುವಾಗ ಕುಡಿಯದೆ, ಮಧ್ಯಾಹ್ನದ ಮೇಲಿನ ಬಿಡುವಿಗೆ ಇಟ್ಟುಕೊಳ್ಳಬಹುದು.